ಸೀದಾ ಕಾಲು

ಗುರುಲಿಂಗಪ್ಪ ನೂಲು ಸುಡದೆ ಬಟ್ಟೆ ಕೊಂಡವನಲ್ಲ. ಬಸವಕಲ್ಯಾಣದ ಪೇಟೆಯಲ್ಲಿದ್ದ ಅವನ ಬಟ್ಟೆ ಅಂಗಡಿಗೆ ಮಾಲು ತರುವ ಏಜೆಂಟರಿಗೆಲ್ಲ ಇದು ಗೊತ್ತಿತ್ತು. ಥಾನು ಬಿಚ್ಚಿದ ಕೂಡಲೇ ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ, ತುದಿ ಸುಟ್ಟು, ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದ. ಬೂದಿಯಾದರೆ ಹತ್ತಿ, ಕರಗಿ ಗಂಟುಗಟ್ಟಿದರೆ ಮೋಸ. ಮನೆಯಲ್ಲೂ ಅದೇ ಚಾಳಿ. ಹಾಲಿನವನ ಕ್ಯಾನಿನಲ್ಲಿ ಬೆರಳು, ತರಕಾರಿಯವಳ ತಕ್ಕಡಿಯ ಮೇಲೆ ಕಣ್ಣು. ಮಗ ಗುರುಶಾಂತ ಚಿಕ್ಕವನಿದ್ದಾಗ ಸ್ನಾನ ಆಯಿತು ಎಂದರೆ ಟವೆಲ್ಲು ಮುಟ್ಟಿ ನೋಡುತ್ತಿದ್ದ ಮಹಾರಾಯ.

ಇಂಥವನು ತನ್ನ ಎಡ ಮೊಣಕಾಲು ಬದಲಿಸುವ ಆಪರೇಷನ್ನನ್ನು ರೋಬೋಟು ಎಂಬ ಮಷೀನಿಗೆ ಒಪ್ಪಿಸಿದ್ದೇ ದೊಡ್ಡದು. ಒಪ್ಪಿಸಿದ್ದಕ್ಕೆ ಕಾರಣವಿತ್ತು. ನಿಜ ಹೇಳಬೇಕೆಂದರೆ ಹೆಚ್ಚು ಕೆಟ್ಟಿದ್ದು ಅವನ ಮೊಣಕಾಲಲ್ಲ, ಹೆಂಡತಿ ಜಗದೇವಿಯದು. ಅವಳ ಎರಡೂ ಕಾಲು ಬಿಲ್ಲಿನ ಹಾಗೆ ಬಾಗಿದ್ದವು. ಅಂಗಡಿಯ ಮೇಲಿನ ಮನೆಯಿಂದ ಕೆಳಗಿಳಿಯಬೇಕಾದರೆ ಗೋಡೆ ಹಿಡಿದು, ಬೆನ್ನು ಮುಂದೆ ಮಾಡಿ, ಎಳೆ ಮಗುವಿನಂತೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಪೂಜೆಗೆ ನೆಲದ ಮೇಲೆ ಕೂಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಹುಮನಾಬಾದಿನ ಕ್ಲಿನಿಕ್ಕಿಗೆ ಹೈದರಾಬಾದಿನಿಂದ ಬರುವ ಎಲುಬಿನ ಡಾಕ್ಟರು ಇಬ್ಬರ ಕಾಲನ್ನೂ ನೋಡಿ, ಮೊದಲು ಅಮ್ಮನದು ಮಾಡೋಣ ಎಂದಿದ್ದರು. ಗುರುಲಿಂಗಪ್ಪ ಒಪ್ಪಲಿಲ್ಲ.

"ಮೊದಲ ನಂದು ಆಗಲಿ. ಬರಾಬರ್ ಆಯ್ತಂದ್ರ ಆಮ್ಯಾಲ ಆಕಿದು," ಅಂದ.

ಅಂದರೆ ಹೆಂಡತಿಯ ಪಾಲಿಗೆ ತಾನೇ ಕಿತ್ತು ಸುಡುವ ಎಳೆಯಾಗಿದ್ದ. ಅವನ ಪ್ರೀತಿಯ ರೀತಿಯೇ ಅದು. ಡಾಕ್ಟರು ಜಗದೇವಿಗೂ ಒಂದು ತಾರೀಖು ಕೊಟ್ಟರು, ಗಂಡ ಚೇತರಿಸಿಕೊಳ್ಳಲಿ ಎಂದು ತುಸು ದೂರದ್ದು. ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ಕುಂಕುಮದ ಗೆರೆ ಎಳೆದುಕೊಂಡಳು.

ಹೈದರಾಬಾದಿನ ಆಸ್ಪತ್ರೆಯಲ್ಲಿ ಗುರುಲಿಂಗಪ್ಪನಿಗೆ ಪೂರ್ತಿ ಎಚ್ಚರ ತಪ್ಪಿಸಿರಲಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ, ಸೊಂಟದ ಕೆಳಗೆ ಮರಗಟ್ಟಿಸಿ, ಎದೆಯ ಹತ್ತಿರ ಹಸಿರು ಪರದೆ ಕಟ್ಟಿದ್ದರು. ಪರದೆಯ ಆಚೆ ಏನು ನಡೆಯಿತೋ ಅವನು ಕಾಣ. ಕಿವಿಗೆ ಬಿದ್ದದ್ದು ಬಡಗಿಯ ಅಂಗಡಿಯ ಸದ್ದು, ಕೊಯ್ಯುವುದು, ಬಡಿಯುವುದು. ನಡುವೆ ಯಾರೋ ಮಗಳ ಮದುವೆಗೆ ಹಾಲ್ ಸಿಗುತ್ತಿಲ್ಲ ಎಂದು ಗೋಳು ಹೇಳಿಕೊಳ್ಳುತ್ತಿದ್ದರು. ರೋಬೋಟು ಬಂದಿದ್ದರೆ ರೋಬೋಟಿನಂಥ ಸದ್ದು ಆಗಬೇಕಿತ್ತಲ್ಲ? ಹೊರಗೆ ಬಂದವನು ಮಗನನ್ನು ಕೇಳಿದ ಮೊದಲ ಮಾತೇ ಅದು.

"ರೋಬೋಟ ನೀ ಕಣ್ಣಿಲೆ ನೋಡ್ದೇನು?"

"ಒಳಗ ಯಾರಿಗೂ ಬಿಡಲ್ಲಪ್ಪ," ಅಂದ ಗುರುಶಾಂತ.

"ಅಂದ್ರ ಯಾರೂ ನೋಡಿಲ್ಲ," ಅಂದ ಗುರುಲಿಂಗಪ್ಪ. ಅಲ್ಲಿಂದ ಶುರುವಾಯಿತು.

ಬಟ್ಟೆ ಪಟ್ಟಿ ಬಿಚ್ಚಿದ ಮೇಲೆ ಸಂಶಯಕ್ಕೆ ಇನ್ನೊಂದು ಕಾಲು ಸಿಕ್ಕಿತು. ಮೊಣಕಾಲಿನ ಮೇಲೆ ಉದ್ದನೆಯ ಗಾಯ ಇರಲಿ, ಅದು ಬೇಕಾದದ್ದೇ. ಆದರೆ ತೊಡೆಯ ಮೇಲೊಂದು ಕಡೆ, ಮೊಣಕಾಲಿನ ಕೆಳಗೆ ನಳಿಗೆ ಎಲುಬಿನ ಮೇಲೊಂದು ಕಡೆ ಸಣ್ಣ ಸಣ್ಣ ತೂತಿನ ಗಾಯ ಯಾಕೆ? ಯಾರ ಕೈ ಜಾರಿತು? ಏನು ಚುಚ್ಚಿಕೊಂಡಿತು? ಅವನು ಆ ಗಾಯಗಳನ್ನು ಮುಟ್ಟಿ ಮುಟ್ಟಿ ನೋಡಿದ. ಡಾಕ್ಟರನ್ನು ಕೇಳಲಿಲ್ಲ. ಮೋಸ ಮಾಡಿದವನನ್ನೇ ಕೇಳಿದರೆ ಅವನು ಖರೆ ಹೇಳುತ್ತಾನೆಯೇ ಎಂಬುದು ಅವನ ಲೆಕ್ಕ.

ಊರಿಗೆ ಮರಳುವ ದಾರಿಯಲ್ಲಿ ಗಾಡಿ ಹುಮನಾಬಾದಿನ ಕ್ಲಿನಿಕ್ಕಿನ ಮುಂದೆ ನಿಂತಿತು. ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಹೇಳಿಕೊಡುವವಳು ಅಲ್ಲಿಯ ಫರ್ಹೀನ್. ಅವಳೆಂದರೆ ಗುರುಲಿಂಗಪ್ಪನಿಗೆ ನಂಬಿಕೆ. ಅವಳ ತಂದೆ ಖಮರುದ್ದೀನ್ ಬಹಳ ವರ್ಷ ಇವನ ಅಂಗಡಿಯ ಕಟ್ಟೆಯ ಮೇಲೆಯೇ ಹೊಲಿಗೆ ಮಷೀನು ಹಾಕಿಕೊಂಡಿದ್ದ ಟೇಲರ್. ಗಿರಾಕಿಯ ಅಳತೆ ತೆಗೆಯುತ್ತ ಅವನು ಕೂಗುವುದು, "ಸೀದಾ ಹಾತ್ ಇಷ್ಟು, ಉಲ್ಟಾ ಹಾತ್ ಇಷ್ಟು" ಎಂದು. ಇವನು ಗಲ್ಲಾ ಪೆಟ್ಟಿಗೆಯ ಮುಂದೆ ಕೂತು ಅದನ್ನು ಬರೆದುಕೊಳ್ಳುವುದು. ಹಾಗಾಗಿ ಅವನ ಮಗಳ ಮಾತೆಂದರೆ ಮನೆಯ ಮಾತು.

ಫರ್ಹೀನ್ ಅವಸರದಲ್ಲಿದ್ದಳು. ಹಿಂದೆ ಇನ್ನೊಂದು ಗಾಡಿ ಹಾರ್ನ್ ಹೊಡೆಯುತ್ತಿತ್ತು. ಗಾಡಿಯ ಬಾಗಿಲಲ್ಲೇ ಅವನೆದುರು ಸ್ಟೂಲು ಹಾಕಿಕೊಂಡು ಕೂತು, ತನ್ನ ಕಾಲು ಚಾಚಿ ತೋರಿಸಿದಳು.

"ನೋಡ್ರಿ ಕಾಕಾ, ಮೊಳಕಾಲ ಕೆಳಗ ಟವೆಲ್ ಸುತ್ತಿ ಇಡ್ರಿ. ಸೀದಾ ಕಾಲ್ ಇಟ್ಟು ತೊಡಿ ಬಿಗೀರಿ. ಟವೆಲ್ ಕೆಳಗ ಒತ್ರಿ, ಬಿಡ್ರಿ. ಆಮ್ಯಾಲ ಸೀದಾ ಕಾಲ್ ಹಂಗೇ ಮ್ಯಾಲ ಎತ್ರಿ. ಆಪರೇಷನ್ ಆದ ಮ್ಯಾಲ ತೊಡಿ ಮಲಗಿಬಿಡ್ತದ. ಎಬ್ಬಸಬೇಕು."

"ತಿಳೀತು ಬೇಟಾ, ತಿಳೀತು," ಅಂದ ಗುರುಲಿಂಗಪ್ಪ. ಗಾಡಿ ಹೊರಟಿತು.

ಮನೆಯಲ್ಲಿ ಅವನು ಕಳ್ಳತನ ಮಾಡಲಿಲ್ಲ, ಅದನ್ನು ಒಪ್ಪಲೇಬೇಕು. ಬೆಳಿಗ್ಗೆ ಪೂಜೆಯಾದ ಮೇಲೆ, ಮಧ್ಯಾಹ್ನ ಊಟಕ್ಕೆ ಮುಂಚೆ, ಸಂಜೆ ಅಂಗಡಿಯ ಲೆಕ್ಕ ಕೇಳುವ ಮುನ್ನ, ಮಂಚದ ಮೇಲೆ ಮಲಗಿ, ಟವೆಲ್ಲು ಇಟ್ಟು, ಹಲ್ಲು ಕಚ್ಚಿ ಬಿಗಿಯುವುದೇ ಬಿಗಿಯುವುದು. ಮೊದಲನೆಯ ದಿನ ಜಗದೇವಿ ಚಹ ಹಿಡಿದು ಬಂದವಳು ನಿಂತು ನೋಡಿದಳು.

"ರೀ, ಒಂದ್ ಮಾತ ಕೇಳ್ಲೇನು? ನೀವು ಮಾಡಾಕತ್ತಿದ್ದ ಕಾಲ..."

"ನಿನಗೇನ್ ತಿಳೀತದ? ಫರ್ಹೀನ್ ಹೇಳ್ಯಾಳ, ನಾ ಮಾಡಾಕತ್ತೇನಿ. ಚಾ ಅಲ್ಲಿ ಇಡು."

ಜಗದೇವಿ ಚಹ ಇಟ್ಟು ಹೋದಳು. ಮತ್ತೆ ಕೇಳಲಿಲ್ಲ.

ಇಷ್ಟು ಮಾಡಿದರೂ ಎಡಗಾಲು ಮಾತ್ರ ಸುಧಾರಿಸಲಿಲ್ಲ. ನೋವು ಕಡಿಮೆಯಾಯಿತು, ಬಾವು ಇಳಿಯಿತು, ಗಾಯ ಒಣಗಿತು. ಆದರೆ ಕಾಲು ಹಾಸಿಗೆಯಿಂದ ಮೇಲೇಳದು. ಮಂಚ ಇಳಿಯಬೇಕಾದರೆ ಪಾದಕ್ಕೆ ಪಂಚೆಯ ತುದಿ ಸಿಕ್ಕಿಸಿ, ಬಾವಿಯಿಂದ ಕೊಡ ಎಳೆದಂತೆ ಎತ್ತಿ ಕೆಳಗಿಡಬೇಕು. ವಾಕರ್ ಹಿಡಿದು ನಡೆದರೆ ಮೊಣಕಾಲು ಈಗ ಮಡಚಿ ಬೀಳಿಸುತ್ತದೋ, ಆಗ ಬೀಳಿಸುತ್ತದೋ ಎಂಬ ಭಯ. ಇದು ಗೋಲ್‌ಮಾಲು ಎಂದು ಅವನ ಮನಸ್ಸು ದಿನದಿನಕ್ಕೂ ಗಟ್ಟಿಯಾಯಿತು. ಹೊಸ ಮೊಣಕಾಲು ಹಾಕಿದ್ದರೆ ಹೊಸದರ ಹಾಗೆ ನಡೆಯಬೇಕಿತ್ತಲ್ಲವೇ?

ಅಷ್ಟರಲ್ಲಿ ಮಂಠಾಳದ ಮಾರುತಿ ಬಂದ.

ಮಾರುತಿ ರೈತ, ಹಳೆಯ ಗಿರಾಕಿ. ಅದೇ ಡಾಕ್ಟರ ಕೈಯಲ್ಲಿ, ಅದೇ ಆಸ್ಪತ್ರೆಯಲ್ಲಿ, ಗುರುಲಿಂಗಪ್ಪನ ಆಪರೇಷನ್ ಆದ ಬೆಳಿಗ್ಗೆಯೇ ಅವನ ಬಲ ಮೊಣಕಾಲೂ ಆಗಿತ್ತು. ಅವನಿಗೆ ರೋಬೋಟು ಇಲ್ಲ, ಮೊದಲಿನ ಪದ್ಧತಿಯಂತೆ ಡಾಕ್ಟರು ಕೈಯಿಂದಲೇ ಮಾಡಿದ್ದರು. ಅವನು ಒಂದು ಕೋಲು ಹಿಡಿದು, ಮೇಲಿನ ಮನೆಯ ಮೆಟ್ಟಿಲು ತಾನಾಗಿ ಹತ್ತಿ, ಬಾಗಿಲಲ್ಲಿ ನಿಂತು ನಕ್ಕ.

"ಶರಣ್ರಿ ಸಾವ್ಕಾರ್ರೆ. ಹ್ಯಾಂಗದ ಕಾಲು? ನಿಮ್ಮದು ಮಷೀನದು, ಓಡಾಕತ್ತಿರಬೇಕು!"

ಗುರುಲಿಂಗಪ್ಪನ ಬಾಯಲ್ಲಿದ್ದ ಚಹ ಕಹಿಯಾಯಿತು. ಕೂಡು ಎಂದವನೇ ಮೊದಲು ಕೇಳಿದ್ದು, "ನಿನ್ನ ಗಾಯ ತೋರಿಸು."

ಮಾರುತಿ ನಾಚದೆ ಧೋತರ ಮೇಲೆತ್ತಿದ. ಒಂದೇ ಒಂದು ಉದ್ದನೆಯ ಗಾಯ. ತೊಡೆಯಲ್ಲಿ ತೂತಿಲ್ಲ, ನಳಿಗೆಯಲ್ಲಿ ತೂತಿಲ್ಲ. ಗುರುಲಿಂಗಪ್ಪ ಕನ್ನಡಕ ಹಾಕಿಕೊಂಡು, ಬಟ್ಟೆಯಲ್ಲಿ ನೇಯ್ಗೆಯ ತಪ್ಪು ಹುಡುಕುವಂತೆ ಹುಡುಕಿದ.

"ಎತ್ತು ನೋಡೂಣು."

ಮಾರುತಿ ಕೂತಲ್ಲೇ ಬಲಗಾಲನ್ನು ಕೋಲಿನ ಹಾಗೆ ನೆಟ್ಟಗೆ ಎತ್ತಿ ಹಿಡಿದ. ನಡುಗಲೂ ಇಲ್ಲ.

"ಫರ್ಹೀನಬಾಯಿ ಹೇಳಿದ್ದಷ್ಟೇ ಮಾಡೀನ್ರಿ. ಮತ್ತೇನಿಲ್ಲ," ಅಂದ.

"ನಾನೂ ಆಕಿ ಹೇಳಿದ್ದೇ ಮಾಡಾಕತ್ತೇನಿ," ಅಂದ ಗುರುಲಿಂಗಪ್ಪ, ಹಲ್ಲು ಕಡಿಯುತ್ತ.

ಮಾರುತಿ ಹೋದ ಮೇಲೆ ಅವನಿಗೆ ಎಲ್ಲವೂ ಹಗಲಿನಂತೆ ಸ್ಪಷ್ಟವಾಯಿತು. ಇಬ್ಬರನ್ನೂ ಒಂದೇ ಬೆಳಿಗ್ಗೆ ಒಳಗೆ ಕರೆದೊಯ್ದಿದ್ದರು. ಅದಲು ಬದಲಾಗಿದೆ. ರೋಬೋಟು ನಯವಾಗಿ ಮಾಡಿದ್ದು ಮಾರುತಿಯ ಕಾಲನ್ನು. ತನ್ನದನ್ನು ಯಾವನೋ ಕಲಿಯುವವನು ಕೈಯಿಂದ ಮಾಡಿ, ನಡುವೆ ಎರಡು ಕಡೆ ಚುಚ್ಚಿ ಹಾಳು ಮಾಡಿದ್ದಾನೆ. ಪುರಾವೆ ಬೇಕಲ್ಲ? ಅಂಗಡಿಯಿಂದ ಅಳತೆಯ ಟೇಪು ತರಿಸಿದ. ಬಾಗಿಲು ಹಾಕಿಕೊಂಡು ಎರಡೂ ತೊಡೆ ಅಳೆದ. ಬಲಕ್ಕಿಂತ ಎಡತೊಡೆ ಎರಡು ಬೆರಳಿನಷ್ಟು ಬಡಕಲಾಗಿತ್ತು. ಮುಟ್ಟಿದರೆ ಬಲತೊಡೆ ಕಲ್ಲು, ಎಡತೊಡೆ ನೆನೆಸಿದ ಹತ್ತಿ. ಅವನಿಗೆ ಸಿಟ್ಟಿನ ಜೊತೆಗೆ ಒಂದು ನಮೂನೆಯ ಸಮಾಧಾನವೂ ಆಯಿತು. ಸಂಶಯ ನಿಜವಾದಾಗ ಇಂಥವರಿಗೆ ಆಗುವ ಸಮಾಧಾನ ಅದು.

ಆಮೇಲೆ ಜಗದೇವಿಯ ನೆನಪಾಯಿತು. ಅವಳ ತಾರೀಖು ಹತ್ತಿರ ಬಂದಿತ್ತು. ಅವಳು ಆಗಲೇ ಹೊಸ ನೈಟಿ ಹೊಲಿಸಿಕೊಂಡು ಚೀಲಕ್ಕೆ ಹಾಕಿಟ್ಟಿದ್ದಳು. ತನ್ನ ಕಾಲು ಹೋದದ್ದು ಹೋಯಿತು, ಇವಳನ್ನೂ ಆ ಪರದೆಯ ಹಿಂದೆ ಕಳಿಸುವುದೇ? ನಾಳೆ ಹುಮನಾಬಾದಿಗೆ ತೋರಿಸಲು ಹೋಗಬೇಕಿತ್ತು, ಅಲ್ಲಿ ಎಲ್ಲರ ಮುಂದೆ ಮಾತು ಬೆಳೆಯುವುದು ಖಂಡಿತ. ಅದಕ್ಕೂ ಮೊದಲೇ ಮುಗಿಸಿಬಿಡೋಣ ಎಂದುಕೊಂಡು ಮಾರನೆಯ ಬೆಳಿಗ್ಗೆ, ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ, ಕ್ಲಿನಿಕ್ಕಿಗೆ ಫೋನ್ ಮಾಡಿದ.

"ಜಗದೇವಿ ಅಂತ ಹೆಸರದಲ್ಲ, ಅದು ತೆಗೀರಿ. ನಮಗ ಬ್ಯಾಡ," ಅಂದ. ರೊಟ್ಟಿಯ ಸದ್ದು ನಿಲ್ಲುವ ಮೊದಲೇ ಫೋನ್ ಇಟ್ಟ.

ಕಾರಿನಲ್ಲಿ ಜಗದೇವಿ ಹಿಂದೆ ಕೂತಿದ್ದಳು. ತನ್ನ ಹಳೆಯ ಎಕ್ಸರೇ ಇದ್ದ ಕವರನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಡಾಕ್ಟರು ಕೇಳಿದರೆ ಇರಲಿ ಎಂದು. ಸಸ್ತಾಪುರ ಬಂಗ್ಲಾ ದಾಟಿ ಹೆದ್ದಾರಿಗೆ ಬಂದ ಮೇಲೆ ತೊಗರಿಯ ಹೊಲಗಳ ಕಡೆ ನೋಡುತ್ತ, ಕಾಲು ಸರಿಹೋದ ಮೇಲೆ ಒಮ್ಮೆ ನಾರಾಯಣಪುರದ ಶಿವಾಲಯಕ್ಕೆ ಹೋಗಿ ಬರೋಣ, ಹೊಸ್ತಿಲು ದಾಟಿ ಒಳಗೆ ಹೋಗಿ ಎಷ್ಟು ದಿನವಾಯಿತೋ ಎಂದಳು. ಗುರುಶಾಂತ ಹೂಂಗುಟ್ಟಿದ. ಗುರುಲಿಂಗಪ್ಪ ರಾಜೇಶ್ವರ ಊರು ಬರುವವರೆಗೂ ಕಿಟಕಿಯ ಆಚೆ ನೋಡಿದ. ಕಿಸೆಯಲ್ಲಿ ಟೇಪಿತ್ತು.

ಕ್ಲಿನಿಕ್ಕಿನ ವ್ಯಾಯಾಮದ ಕೋಣೆಯಲ್ಲಿ ಫರ್ಹೀನ್ ನಗುನಗುತ್ತ ಎದುರುಗೊಂಡಳು. ಗುರುಶಾಂತ ಗಾಡಿ ನಿಲ್ಲಿಸಲು ಹೋದ. ಜಗದೇವಿ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಳು. ಗುರುಲಿಂಗಪ್ಪ ಮಂಚದ ಮೇಲೆ ಕೂತವನೇ ಪೀಠಿಕೆಯಿಲ್ಲದೆ ಶುರುಮಾಡಿದ.

"ಬೇಟಾ, ನಿನ್ನ ಮ್ಯಾಲ ಸಿಟ್ಟಿಲ್ಲ. ಆದ್ರ ನಿನ್ನ ಡಾಕ್ಟರ್ ನನಗ ಧೋಕಾ ಮಾಡ್ಯಾನ. ನನಗ ರೋಬೋಟ ಮಾಡಿಲ್ಲ. ಈ ತೂತ ನೋಡು. ಮಾರುತಿಗಿ ಇವು ಇಲ್ಲ. ಆಗಿದ್ದು ಅವನಿಗಿ, ಹೆಸರು ನಂದು."

ಫರ್ಹೀನ್ ಗಾಯಗಳ ಮೇಲೆ ಬೆರಳಿಟ್ಟಳು. "ಕಾಕಾ, ಇವೇ ಅಲ್ರಿ ರೋಬೋಟಿನ ಗುರುತು! ಎಲುಬಿಗಿ ನಿಶಾನಿ ಕಡ್ಡಿ ಹಾಕಿರ್ತಾರ. ಅದನ್ನ ನೋಡೇ ಮಷೀನಿಗಿ ಕಾಲ ಎಲ್ಲದ ಅಂತ ತಿಳೀತದ. ಕೈಲೆ ಮಾಡಿದ್ರ ಈ ತೂತ ಇರಲ್ಲ. ಅದಕ್ಕೇ ಮಾರುತಿ ಕಾಕಾಗ ಇಲ್ಲ."

"ಮತ್ತ ಸಪ್ಪಳ ಯಾಕ ಬರಲಿಲ್ಲ?"

"ಅದೇನ್ ತಾನೇ ನಡಕೋತ ಬರ್ತದೇನ್ರಿ? ಡಾಕ್ಟರ್ ಕೈಯಾಗೇ ಇರ್ತದ. ಎಷ್ಟ ಕೊಯ್ಬೇಕೋ ಅಷ್ಟೇ ಕೊಯ್ಯಾಕ ಬಿಡ್ತದ."

ಗುರುಲಿಂಗಪ್ಪನಿಗೆ ಕಾಲ ಕೆಳಗಿನ ಜಮಖಾನ ಯಾರೋ ತುಸು ಎಳೆದಂತಾಯಿತು. ಆದರೆ ದೊಡ್ಡ ಪುರಾವೆ ಇನ್ನೂ ಕಿಸೆಯಲ್ಲಿತ್ತು. ಟೇಪು ತೆಗೆದು ಅವಳ ಕಣ್ಣೆದುರೇ ಎರಡೂ ತೊಡೆ ಅಳೆದು ತೋರಿಸಿದ.

"ಇದಕ್ಕೇನಂತಿ? ದಿನಾ ತಪ್ಪಸದೆ ಮಾಡೀನಿ. ಮಾಡಿದ್ರೂ ಒಣಗಾಕತ್ತದ. ಒಳಗ ಏನೋ ಕೆಡಸ್ಯಾರ."

ಫರ್ಹೀನಳ ನಗು ಹೋಯಿತು. ಅವಳು ಎಡತೊಡೆಯನ್ನು ಅದುಮಿ ನೋಡಿದಳು, ಬಲತೊಡೆಯನ್ನೂ ನೋಡಿದಳು. ಹುಬ್ಬು ಗಂಟಾಯಿತು. ಗುರುಲಿಂಗಪ್ಪ ಅದನ್ನು ಗಮನಿಸಿ, ಸಿಕ್ಕಿಬಿದ್ದಳು ಎಂದುಕೊಂಡ.

"ಕಾಕಾ, ಮನ್ಯಾಗ ಹ್ಯಾಂಗ ಮಾಡ್ತೀರಿ, ಒಂದ್ ಸಲ ಮಾಡಿ ತೋರಸ್ರಿ," ಅಂದಳು.

ಗುರುಲಿಂಗಪ್ಪ ಹೆಮ್ಮೆಯಿಂದ ಮಲಗಿದ. ಟವೆಲ್ಲು ಸುತ್ತಿದ. ಬಲ ಮೊಣಕಾಲಿನ ಕೆಳಗೆ ಇಟ್ಟ. ಹಲ್ಲು ಕಚ್ಚಿ ಬಿಗಿದ. ತೊಡೆ ಹಗ್ಗದಂತೆ ಎದ್ದು ನಿಂತಿತು. ಆಮೇಲೆ ಬಲಗಾಲನ್ನು ನೆಟ್ಟಗೆ, ಮಾರುತಿಗಿಂತ ಒಂದು ಗೇಣು ಎತ್ತರಕ್ಕೆ ಎತ್ತಿ ಹಿಡಿದ.

ಫರ್ಹೀನ್ ಮೇಲೆತ್ತಿದ ಕಾಲನ್ನೊಮ್ಮೆ, ಮಂಚದ ಮೇಲಿದ್ದ ಕಾಲನ್ನೊಮ್ಮೆ ನೋಡಿದಳು.

"ಕಾಕಾ... ಆಪರೇಷನ್ ಆಗಿದ್ದು ಎಡಗಾಲ ಅಲ್ರಿ?"

"ಹೌದು."

"ಮತ್ತ ಈ ಕಾಲ ಯಾಕ ಎತ್ತಾಕತ್ತೀರಿ?"

"ನೀನೇ ಹೇಳಿದ್ದಿಯಲ್ಲಾ, ಸೀದಾ ಕಾಲು ಅಂತ! ನೀನೂ ಇದೇ ಕಾಲ ಚಾಚಿ ತೋರಿಸಿದ್ದಿ. ಕೊಯ್ದ ಕಾಲ ಆರಾಮ ಮಾಡ್ಲಿ, ಛಲೋ ಕಾಲ ಗಟ್ಟಿ ಆಗಿ ಅದನ್ನ ಹೊರಲಿ ಅಂತ ಹೇಳಿದ್ದಿ ಅಂದ್ಕೊಂಡೆ."

ಫರ್ಹೀನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಯಾ ಅಲ್ಲಾ! ಕಾಕಾ, ನಾ ಹೇಳಿದ್ದು ಕಾಲ ನೆಟ್ಟಗ ಇಟ್ಟು ಅಂತ್ರಿ. ಸೀದಾ ಅಂದ್ರ ಬಲಗಾಲ ಅಲ್ರಿ!"

"ನಿಮ್ಮಪ್ಪ ಅಳತಿ ತೆಗಿಯೂವಾಗ ಸೀದಾ ಅಂದ್ರ ಬಲಗೈ, ಉಲ್ಟಾ ಅಂದ್ರ ಎಡಗೈ ಅಂತಿದ್ದ," ಅಂದ ಗುರುಲಿಂಗಪ್ಪ. ದನಿ ಅವನಿಗೇ ಸಣ್ಣದಾಗಿ ಕೇಳಿಸಿತು. "ಮಾರುತಿಗೂ ಇದೇ ಹೇಳಿದ್ದೇನು?"

"ಇದೇ ಹೇಳಿದ್ದೆ. ಆದ್ರ ಅವರದು ಆಪರೇಷನ್ ಆಗಿದ್ದೇ ಬಲಗಾಲ. ಹ್ಯಾಂಗ ತಿಳಕೊಂಡ್ರೂ ಬರಾಬರ್." ಅವಳು ಕಣ್ಣೊರೆಸಿಕೊಂಡಳು, ನಗುವೋ ಪಶ್ಚಾತ್ತಾಪವೋ ತಿಳಿಯದಂತೆ. "ಮಾಫ್ ಮಾಡ್ರಿ. ಅವತ್ತ ಗಡಿಬಿಡ್ಯಾಗ ನಿಮ್ಮ ಕಡಿಂದ ಮಾಡಿಸಿ ನೋಡಬೇಕಿತ್ತು. ನಂದೂ ತಪ್ಪದ. ಮಷೀನ್ ಎಲುಬಿಂದು ಛಲೋ ಮಾಡ್ಯದ ಕಾಕಾ. ಆದ್ರ ತೊಡಿ ಎಬ್ಬಸೂದು ಅದಕ್ಕ ಬರಲ್ಲ. ಅದು ನೀವೇ ಎಬ್ಬಸಬೇಕು. ಈಗ ಶುರು ಮಾಡಿದ್ರೂ ಏಳ್ತದ, ಜರಾ ತಡ ಆಗ್ತದ ಅಷ್ಟೇ."

ಹಾಲಿನವನನ್ನೂ ಡಾಕ್ಟರನ್ನೂ ರೋಬೋಟನ್ನೂ ಬಿಡದೆ ಶೋಧಿಸಿದ ಮನುಷ್ಯ ತನ್ನ ಸ್ವಂತ ಕಿವಿ ಕೇಳಿದ ಮಾತಿನ ಒಂದು ಎಳೆ ಕಿತ್ತು ನೋಡಿರಲಿಲ್ಲ. ಗುರುಲಿಂಗಪ್ಪನಿಗೆ ನಾಚಿಕೆಯಾಯಿತು. ಟೇಪನ್ನು ಮುಷ್ಟಿಯಲ್ಲಿ ಮುದುಡಿಕೊಂಡ. ಬಾಗಿಲ ಕಡೆಯಿಂದ ನಗು ಬರುತ್ತದೆ ಎಂದು ಕಾದ. ಬರಲಿಲ್ಲ.

"ಮೊದಲನೇ ದಿವಸ ಕೇಳಿದ್ದೆ," ಅಂದಳು ಜಗದೇವಿ. "ನಿನಗೇನ್ ತಿಳೀತದ ಅಂದ್ರಿ."

ಅವಳು ಅಷ್ಟಕ್ಕೇ ಆ ಮಾತು ಬಿಟ್ಟು, ಮಡಿಲಿನ ಕವರು ಎತ್ತಿಕೊಂಡು ಫರ್ಹೀನಳ ಕಡೆ ತಿರುಗಿದಳು.

"ಇರ್ಲಿ ಬಿಡವ್ವ, ಮಷೀನ್ ಖರೇ ಅದ ಅಂತ ಗೊತ್ತಾಯ್ತಲ್ಲ. ನಂದು ಬರೂ ಸೋಮವಾರ ಅದ. ಹಿಂದಿನ ದಿವಸ ಏನೂ ತಿನ್ಬಾರದೇನು?"

ಫರ್ಹೀನ್ ಗಲಿಬಿಲಿಗೊಂಡಳು. "ಅಮ್ಮಾ, ನಿಮ್ಮದು ತೆಗದಾರಲ್ರಿ? ಇವತ್ತ ಮುಂಜಾನೆ ಕಾಕಾನೇ ಫೋನ್ ಮಾಡಿ ಬ್ಯಾಡ ಅಂದ್ರಂತ. ಆ ತಾರೀಖು ಹುಲಸೂರದವರಿಗಿ ಕೊಟ್ಬಿಟ್ಟಾರ."

ಗುರುಲಿಂಗಪ್ಪ ಏಳಲು ನೋಡಿದ. "ಜಗದೇವಿ, ನಿನ್ನ ಸಲುವಾಗೇ... ನಿನಗೂ ಹಿಂಗ ಆಗಬಾರದು ಅಂತ..."

ಜಗದೇವಿ ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ತನ್ನ ಮೊಣಕಾಲುಗಳನ್ನು ನೋಡಿಕೊಂಡಳು, ಎರಡನ್ನೂ, ಒಂದಾದ ಮೇಲೊಂದರಂತೆ. ಅವಳ ಕಣ್ಣು ತುಂಬಿದ್ದನ್ನು ಅವನು ಕಂಡ. ಸೆರಗು ಎಳೆದು ಸಿಕ್ಕಿಸಿಕೊಂಡು, ಕುರ್ಚಿಯ ಕೈ ಹಿಡಿದು ಎದ್ದಳು. ಫರ್ಹೀನ್ ಕೈಕೊಡಲು ಬಂದರೆ ಬೇಡ ಎಂದಳು.

"ನೀ ಅವರ ಕಾಲ ನೋಡವ್ವ. ಖರೆ ಕಾಲ ನೋಡು," ಅಂದು ಹೊರಟಳು.

ಉದ್ದನೆಯ ಪಡಸಾಲೆಯ ಕೊನೆಗೆ ಕೌಂಟರ್ ಇತ್ತು. ತೆರೆದ ಬಾಗಿಲಿಂದ ಗುರುಲಿಂಗಪ್ಪನಿಗೆ ಎಲ್ಲ ಕಾಣುತ್ತಿತ್ತು. ಅವಳು ಗೋಡೆಗೆ ಅಂಗೈ ಊರುತ್ತ, ಒಂದು ಕಡೆ ಬಾಗಿ, ಇನ್ನೊಂದು ಕಡೆ ಬಾಗಿ ನಡೆಯುತ್ತಿದ್ದಳು. ನಡುವೆ ನಿಂತಳು, ಉಸಿರು ಬಿಟ್ಟಳು, ಮತ್ತೆ ನಡೆದಳು. ಇಷ್ಟು ವರ್ಷ ಅವಳು ಹೀಗೆ ನಡೆಯುವುದನ್ನು ಅವನು ನೋಡಿರಲಿಲ್ಲ ಎಂದಲ್ಲ. ಆದರೆ ಮಲಗಿಕೊಂಡು, ಏನೂ ಮಾಡಲಾಗದೆ, ಆ ದಾರಿ ಮುಗಿಯುವವರೆಗೂ ನೋಡಿದ್ದು ಇದೇ ಮೊದಲು. ಎದ್ದು ಹಿಂದೆ ಹೋಗಬೇಕೆನಿಸಿತು. ಎಡಗಾಲು ಮಂಚಕ್ಕೆ ಅಂಟಿಕೊಂಡೇ ಇತ್ತು.

ಫರ್ಹೀನ್ ಟವೆಲ್ಲನ್ನು ತೆಗೆದು ಎಡ ಮೊಣಕಾಲಿನ ಕೆಳಗೆ ಇಟ್ಟಳು. ಅವನ ಕೈಯನ್ನೇ ಹಿಡಿದು ಎಡತೊಡೆಯ ಮೇಲೆ ಇರಿಸಿದಳು. "ಇಲ್ಲಿ ಬಿಗೀರಿ ಕಾಕಾ. ಕಾಲ ನೆಟ್ಟಗ ಇಟ್ಟು."

ಗುರುಲಿಂಗಪ್ಪ ಬಿಗಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಬಿಗಿದ. ಅಂಗೈಯ ಕೆಳಗೆ ಏನೋ ಸಣ್ಣಗೆ ಅದುರಿ ಸುಮ್ಮನಾಯಿತು.

"ಬಂತು! ನೋಡ್ರಿ, ಏಳಾಕತ್ತದ!" ಅಂದಳು ಫರ್ಹೀನ್. ಅವನಿಗೆ ಖುಷಿಪಡುವ ಧೈರ್ಯವಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಜಗದೇವಿ ಅದೇ ಗೋಡೆ ಹಿಡಿದು ಮರಳಿ ಬಂದಳು. ಕುರ್ಚಿಯಲ್ಲಿ ಕೂತು, ಎಕ್ಸರೇ ಕವರನ್ನು ಮಡಿಲಲ್ಲಿ ಸರಿಪಡಿಸಿಕೊಂಡಳು.

"ಹೆಸರು ಮತ್ತ ಬರಸೀನಿ," ಅಂದಳು. "ಫೋನ್ ನಂಬರ್ ನಂದು ಕೊಟ್ಟೀನಿ."

"ಯಾವ ತಾರೀಖು?" ಅಂದ ಗುರುಲಿಂಗಪ್ಪ ಮೆಲ್ಲಗೆ.

"ಅದು ನನಗ ಹೇಳ್ತಾರ."